ಉಪವಾಸದ ತೊಟ್ಟಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮೀನಿನ ರುಚಿ ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ, ಕಿವಿರಿನಿಂದ ಬಾಲದವರೆಗೆ ಮೀನಿನ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ, ತಾಟಿನಲ್ಲಿ ಮೀನು ಕಂಡವನಲ್ಲ. ಇಂಥವನಿಗೆ ಸರ್ಕಾರ ಮೀನು ಸಾಕಣೆಯ ಸಂಶೋಧನೆಗೆ ಅನುದಾನ ಮಂಜೂರು ಮಾಡಿತು. ಸುದ್ದಿ ಕೇಳಿ ಇಳಕಲ್ಲಿನಿಂದ ಸೋದರಮಾವ ಫೋನ್ ಮಾಡಿ, "ಕಿವುಡ ಭಜನಿ ಮೇಳ ಕಟ್ಟಿದಂಗಾತಲ್ಲೋ" ಎಂದು ನಕ್ಕರು. ನಗಲಿ ಬಿಡಿ. ಆರು ಸಲ ತಿರಸ್ಕಾರವಾದ ಅರ್ಜಿಯನ್ನು ಏಳನೆಯ ಸಲ ಹಾಕಿದವನು ನಾನು, ಹಿಡಿದದ್ದನ್ನು ಬಿಡುವ ಜಾಯಮಾನ ನನ್ನದಲ್ಲ.

ಶೇಂಗಾ ಹಿಂಡಿ ಹಾಕಿ ನಮ್ಮ ಕಡೆಯ ಕೃಷಿ ಹೊಂಡಗಳಲ್ಲಿ ಗೆಂಡೆ ಮೀನು ಬೆಳೆಸಬಹುದೇ ಎನ್ನುವುದು ನನ್ನ ಸಂಶೋಧನೆ. ಕಾಲೇಜಿನಲ್ಲಿ ಜಾಗ ಸಿಗದೆ ವಿದ್ಯಾಗಿರಿಯ ನಮ್ಮ ಮನೆಯ ಹಿತ್ತಲಲ್ಲೇ ಎರಡು ಸಿಮೆಂಟ್ ತೊಟ್ಟಿ ಕಟ್ಟಿಸಿದೆ. ಒಂದರ ಮೀನಿಗೆ ದಿನವೂ ಹಿಂಡಿ, ಇನ್ನೊಂದು ಉಪವಾಸದ ತೊಟ್ಟಿ, ಅದರವು ಪಾಚಿ ತಿಂದುಕೊಂಡೇ ಇರಬೇಕು. ಕೊನೆಗೆ ಎರಡನ್ನೂ ತೂಗಿ ಹೋಲಿಸುವುದು. ಹಿಂಡಿ ತಿಂದವು ದಪ್ಪಗಾದರೆ ರಾಮಥಾಳದ ಹನಮಪ್ಪನ ಹೊಂಡಕ್ಕೆ ಮರಿ ಬಿಡಲು ಮತ್ತೆ ಅನುದಾನ, ಇಲ್ಲವಾದರೆ ಕಡತ ಬಂದ್. ಕುರಿ ಸಾಕುವ ಹನಮಪ್ಪ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. "ಸರ, ಹೊಂಡ ಸ್ವಚ್ಛ ಮಾಡಿಟ್ಟೇನ್ರಿ. ಬೀರಪ್ಪ ದೇವ್ರಿಗೂ ಬೇಡ್ಕೊಂಡೇನ್ರಿ. ಮರಿ ಯಾವಾಗ ಬಿಡ್ತೀರಿ?" ಅವನ ದನಿಯಲ್ಲಿದ್ದ ಆಸೆ ಕೇಳಿದಾಗಲೆಲ್ಲ ನನ್ನ ಹಠ ಇನ್ನೊಂದು ಗೇಣು ಬೆಳೆಯುತ್ತಿತ್ತು.

ಮನೆಯಲ್ಲಿ ಅವ್ವ ಮಾತ್ರ ಮೊದಲ ದಿನವೇ ಮೂಗಿಗೆ ಸೆರಗು ಹಿಡಿದಳು. "ಲಿಂಗವಂತರ ಹಿತ್ತಲದಾಗ ಮೀನಾ? ಮಂದಿ ಏನಂದಾರು?" "ತಿನ್ನೂದಲ್ಲವ್ವ, ಬರೇ ತೂಗಿ ನೋಡೂದು" ಎಂದೆ. ಆಮೇಲೆ ಅವಳು ಸುಮ್ಮನಾದಳು. ನಮ್ಮವ್ವ ಸುಮ್ಮನಾದಾಗಲೇ ನಾನು ಎಚ್ಚರಾಗಬೇಕಿತ್ತು.

ಅನುದಾನ ಸಮಿತಿಯವರು ಪ್ರಯೋಗ ನೋಡಲು ಬರುವುದಕ್ಕೆ ಹದಿನೈದು ದಿನ ಇರುವಾಗ ತೂಗಿದೆ. ಉಪವಾಸದ ತೊಟ್ಟಿಯ ಮೀನೇ ಭಾರ! ತಕ್ಕಡಿ ಕೆಟ್ಟಿದೆಯೆಂದು ಓಣಿಯ ಕಿರಾಣಿ ಅಂಗಡಿಯದನ್ನು ಕೇಳಿದೆ. ಅಂಗಡಿಯವರು, "ಒಯ್ಯಿರಿ ಸರ, ಆದ್ರ ತಿರುಗಿ ತರಬ್ಯಾಡ್ರಿ. ಮೀನ ತೂಗಿದ ತಕ್ಕಡ್ಯಾಗ ನಾ ಬೆಲ್ಲ ಹೆಂಗ ತೂಗ್ಲಿ?" ಎಂದರು. ಅದರಲ್ಲೂ ಅದೇ ತೂಕ. ನೀರು ಪರೀಕ್ಷಿಸಿದೆ, ಪಾಚಿ ಪರೀಕ್ಷಿಸಿದೆ, ಪುಸ್ತಕಗಳನ್ನೆಲ್ಲ ತಿರುವಿದೆ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಕೊನೆಗೆ ಒಂದು ಮುಂಜಾನೆ ಕರಿಬೇವಿನ ಗಿಡದ ಹಿಂದೆ ಅಡಗಿ ಕುಳಿತೆ.

ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರದಿರುವಾಗ ಅವ್ವ ಬಂದಳು. ಸೆರಗಿನಲ್ಲಿ ನಿನ್ನೆಯ ರೊಟ್ಟಿಯ ಪುಡಿ. ಹಿಂಡಿಯ ತೊಟ್ಟಿಯನ್ನು ದಾಟಿ ಸೀದಾ ಉಪವಾಸದ ತೊಟ್ಟಿಗೆ ಹೋದಳು. ಮೀನುಗಳು ಪಂಕ್ತಿಗೆ ಕೂತವರ ಹಾಗೆ ಅಂಚಿನಲ್ಲಿ ಬಾಯಿ ತೆರೆದು ಕಾಯುತ್ತಿದ್ದವು.

"ಅವ್ವಾ!" ಎಂದು ಚೀರಿದೆ.

ಅವಳೇನೂ ಬೆದರಲಿಲ್ಲ. "ಒಬ್ಬರಿಗೆ ಉಣ್ಣಾಕ ಹಾಕಿ ಇನ್ನೊಬ್ಬರ ಮುಂದ ಹಂಗ ಹಾದು ಹೋಗ್ತೀಯಲ್ಲೋ ತಮ್ಮಾ, ಇವೇನ್ ಪಾಪ ಮಾಡ್ಯಾವ? ಹಸದವರನ್ನ ನೋಡಿ ನನಗ ತುತ್ತು ಇಳೀತದೇನು?"

ತಲೆ ಮೇಲೆ ಕೈ ಹೊತ್ತು ಎಲ್ಲ ವಿವರಿಸಿದೆ. ಇವು ಹಸಿದಿದ್ದರೇ ಹನಮಪ್ಪನ ಕೆಲಸವಾಗುತ್ತದೆ ಎಂದೆ. ಅವ್ವನ ಮುಖ ಇಳಿಯಿತು. "ಉಪಾಸ ವ್ರತಾ ಅಂತ ಮೊದಲ ಹೇಳಬಾರದೇನೋ ಖೋಡಿ? ವ್ರತಾ ಮುರಿಸೂದು ಪಾಪ. ಹೇಳಿದ್ರ ನಾ ಮುಟ್ತಿದ್ದಿಲ್ಲ." ಸಮಿತಿಗೆ, ಪ್ರಿನ್ಸಿಪಾಲರಿಗೆ, ಹನಮಪ್ಪನಿಗೆ ತಿಳಿಸಿ ಹೇಳಿದ್ದೆ. ಮನೆಯಲ್ಲಿದ್ದವಳಿಗೆ ಮಾತ್ರ ಹೇಳಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಎರಡು ತೊಟ್ಟಿಗಳ ಹೆಸರಿನ ಪಾಟಿ ಅದಲುಬದಲು ಮಾಡಿದ್ದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಗಳಿಗೆ ಆ ಆಸೆ ಬಂದದ್ದು ಖರೆ. ಆದರೆ ಪಾಟಿಯನ್ನು ಸಮಿತಿ ನಂಬೀತು, ಹನಮಪ್ಪನ ಹೊಂಡ ನಂಬೀತೇ? ಹಿತ್ತಲಿಗೆ ಬಂದ ಸಮಿತಿಯ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಖ್ಯಸ್ಥೆಯಾಗಿ ಬಂದಿದ್ದ ಮೇಡಂ ಕರಾವಳಿಯವರು, ಮೀನು ಉಂಡು ಬೆಳೆದವರು. ಅವ್ವನತ್ತ ತಿರುಗಿ, "ಯಾವ ರೊಟ್ಟಿ ಅಜ್ಜಿ?" ಎಂದರು.

"ಜ್ವಾಳದ್ದು. ಮತ್ತ್ಯಾವುದು?" ಎಂದಳು ಅವ್ವ, ಇದೆಂಥ ಪ್ರಶ್ನೆ ಎನ್ನುವಂತೆ.

ಮೇಡಂ ಬಹಳ ಹೊತ್ತು ಬರೆದುಕೊಂಡರು. ತಿಂಗಳಾದ ಮೇಲೆ ಪತ್ರ ಬಂತು: ಇನ್ನೊಂದೇ ವರ್ಷದ ಅನುದಾನ, ಪ್ರಯೋಗ ಹೊಸದಾಗಿ ಆಗಬೇಕು. ಹಿಂಡಿಗೊಂದು, ರೊಟ್ಟಿಗೊಂದು, ಉಪವಾಸಕ್ಕೊಂದು, ಒಟ್ಟು ಮೂರು ತೊಟ್ಟಿ. ಮೂರನೆಯದಕ್ಕೆ ಜಾಲರಿ ಹೊದಿಸಿ ಕೀಲಿ ಹಾಕತಕ್ಕದ್ದು. ಹನಮಪ್ಪನಿಗೆ ತಿಳಿಸಿದೆ. "ಒಂದ್ ವರ್ಷ ಕಾಯ್ತೇನ್ರಿ ಸರ. ಈ ಸಲ ಮಾತ್ರ ಕೆಡಿಸಬ್ಯಾಡ್ರಿ" ಎಂದ.

ಕೆಡಿಸುವವನೇ ನಾನು? ಮೂರೂ ತೊಟ್ಟಿಗೆ ಹೊಸ ಮರಿ ಬಿಟ್ಟು, ಕೀಲಿಯನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ. ಅವ್ವ ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾಲ್ಕನೆಯ ದಿನ ರೊಟ್ಟಿ ತಿನ್ನುತ್ತ ಹಿತ್ತಲಿಗೆ ಹೋದೆ. ನನ್ನ ನೆರಳು ಬಿದ್ದದ್ದೇ ತಡ, ಮೂರನೆಯ ತೊಟ್ಟಿಯ ಮರಿಗಳೆಲ್ಲ ಜಾಲರಿಯ ಕೆಳಗೆ ಬಂದು ಬಾಯಿ ತೆರೆದವು. ಇಷ್ಟೇ ಇಷ್ಟು ಚೂರು ತೂಕಕ್ಕೇನು ಬಂದೀತು ಎಂದುಕೊಂಡೆ. ಎಚ್ಚರಾದಾಗ ಕೀಲಿ ತೆರೆದಿತ್ತು, ರೊಟ್ಟಿ ಹಿಡಿದ ಕೈ ನೀರಿನ ಮೇಲಿತ್ತು.

"ಲೇ ತಮ್ಮಾ, ವ್ರತಾ!" ಹಿಂದಿನಿಂದ ಅವ್ವನ ದನಿ.

ಕೀಲಿ ಈಗ ಅವ್ವನ ಸೊಂಟದಲ್ಲಿದೆ. ಸರ್ಕಾರಕ್ಕೆ ಕಳಿಸುವ ವರದಿಯಲ್ಲಿ ಮೂರನೆಯ ತೊಟ್ಟಿಯ ರಕ್ಷಣೆಗೆ ಕೈಗೊಂಡ ಕ್ರಮವೇನು ಎಂದು ಕೇಳಿದ್ದರು. 'ಸಂಶೋಧಕನನ್ನು ದೂರ ಇಡಲಾಗಿದೆ' ಎಂದು ಬರೆದು ಸಹಿ ಹಾಕಿದೆ.