ಒಂದೇ ಕಾಲರಿನ ಕೋಟು

ಭಾನುವಾರದ ಆರಾಧನೆಯಲ್ಲಿ ಪಾದ್ರಿಗಳು, ಎರಡು ಕೋಟು ಉಳ್ಳವನು ಇಲ್ಲದವನಿಗೆ ಒಂದನ್ನು ಕೊಡಬೇಕೆಂಬ ವಾಕ್ಯವನ್ನು ಓದಿ ವಿವರಿಸಿದರು. ಸೋಮವಾರ ಬೆಳಗ್ಗೆ ದರ್ಜಿಯ ಅಂಗಡಿ ಮುಂದೆ ಸಭೆಯವರು ಹದಿನೇಳು ಮಂದಿ ನಿಂತಿದ್ದರು. ಎಲ್ಲರ ಕೈಯಲ್ಲೂ ಎರಡೆರಡು ಕೋಟು.

ದರ್ಜಿ ಎದ್ದು ಎಲ್ಲರಿಗೂ ಕೈ ಮುಗಿದ. ಸಭೆಯಲ್ಲಿ ಕೋಟು ಇಲ್ಲದವನು ಒಬ್ಬನೇ, ಸಮಾಧಿಗುಂಡಿ ತೋಡುವ ಮುದುಕ. ಅವನ ಕೆಮ್ಮು ಎರಡು ಬೀದಿ ಆಚೆಗೂ ಕೇಳುತ್ತಿತ್ತು. ಎದೆ ಬೆಚ್ಚಗಿಡದಿದ್ದರೆ ಈ ಚಳಿಗಾಲ ದಾಟುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು.

"ಮುದುಕನಿಗೆ ಹದಿನೇಳು ಯಾಕೆ ಸಾರ್? ಒಂದು ಸಾಕು," ಎಂದ ದರ್ಜಿ.

"ಯಾವ ಮುದುಕ?" ಎಂದರು ಸಭಾ ಸಮಿತಿಯ ಕಾರ್ಯದರ್ಶಿ. "ಎರಡನ್ನೂ ಸೇರಿಸಿ ಹೊಲಿದು ಒಂದು ಮಾಡಪ್ಪ. ಎರಡಿದ್ದರೆ ತಾನೆ ಕೊಡಬೇಕಾದ್ದು."

"ತೋಳು ನಾಲ್ಕಾಗ್ತವಲ್ಲ?"

"ವಾಕ್ಯದಲ್ಲಿ ತೋಳಿನ ಮಾತಿಲ್ಲ. ಹೊಲಿಗೆ ಗಟ್ಟಿಯಾಗಿರಲಿ. ದೇವರ ವಿಷಯ."

ದರ್ಜಿ ಹೊಲಿದ. ಒಂಬತ್ತು ಸೂಜಿ ಮುರಿದವು.

ಬುಧವಾರ ಸಮಿತಿಯ ಪ್ರಕಟಣೆ ಹೊರಬಿತ್ತು: "ಒಂದೇ ಕಾಲರಿಗೆ ಸೇರಿದ ಬಟ್ಟೆಯನ್ನೆಲ್ಲ ಒಂದೇ ಕೋಟೆಂದು ಪರಿಗಣಿಸತಕ್ಕದ್ದು. ಹೆಚ್ಚುವರಿ ತೋಳುಗಳನ್ನು ಬೆನ್ನ ಹಿಂದೆ ಗಂಟು ಹಾಕಿಕೊಳ್ಳತಕ್ಕದ್ದು. ಮೂರು ಕೋಟು ಉಳ್ಳವರ ಬಗ್ಗೆ ವಾಕ್ಯವು ಏನನ್ನೂ ಹೇಳದಿರುವುದರಿಂದ ಅವರಿಗೆ ಯಾವ ಬಾಧ್ಯತೆಯೂ ಇರುವುದಿಲ್ಲ."

ಗುರುವಾರ ಕಾರ್ಯದರ್ಶಿಯವರು ತಮ್ಮ ಜೋಡಿಯನ್ನು ಬಿಚ್ಚಿಸಿ, ಮೂರನೆಯದಕ್ಕೆ ಅಳತೆ ಕೊಟ್ಟು ಹೋದರು.

ಮುಂದಿನ ಭಾನುವಾರ ಎಲ್ಲರೂ ಹೊಸ ಹೊಲಿಗೆಯಲ್ಲಿ ಬಂದರು. ಮೊದಲ ಹಾಡು ಮುಗಿಯುವಷ್ಟರಲ್ಲಿ ಬೆವರು ಇಳಿಯತೊಡಗಿತು. ಇಬ್ಬರಿಗೆ ತಲೆ ಸುತ್ತಿತು. ಕಿಟಕಿಗಳನ್ನೆಲ್ಲ ತೆರೆಸಲಾಯಿತು. ಮುದುಕ ಕೂತದ್ದು ಕಿಟಕಿಯ ಪಕ್ಕ.

ದರ್ಜಿ ಎದ್ದು ಹೋಗಿ ತನ್ನ ಕೋಟನ್ನು ಅವನಿಗೆ ಹೊದಿಸಿದ.

"ಬೇಡ ಕಣಯ್ಯ, ನಿನಗಿರೋದು ಒಂದೇ."

"ಹಾಕ್ಕೋ ಅಜ್ಜ. ನೀನು ಹೋದ್ರೆ ನಿನ್ನ ಗುಂಡಿ ತೋಡೋರು ಯಾರು?"

ಸೋಮವಾರ ಕಾರ್ಯದರ್ಶಿ ಅಂಗಡಿಗೆ ಬಂದರು.

"ಒಂದೇ ಇರುವವನು ಕೊಡಬೇಕೂಂತ ಎಲ್ಲಿ ಬರೆದಿದೆಯಪ್ಪ? ಈಗ ನೀನು ಕೋಟು ಇಲ್ಲದವನಾದೆ. ನಿನ್ನನ್ನು ನೋಡಿದರೆ ಜನಕ್ಕೆ ಮನಸ್ಸು ಕೆಡೋದಿಲ್ಲವಾ?"

"ಮೊದಲು ಅಜ್ಜನನ್ನು ನೋಡ್ತಿದ್ದರಲ್ಲ ಸಾರ್."

"ಅವನನ್ನು ನೋಡಿ ಅಭ್ಯಾಸವಾಗಿತ್ತು."

ಸಮಿತಿ ತುರ್ತಾಗಿ ಸೇರಿತು. ಕೋಟು ಇಲ್ಲದವರು ಆರಾಧನೆಗೆ ಬಂದು ದಾನಿಗಳ ನೆಮ್ಮದಿ ಕೆಡಿಸಬಾರದೆಂದೂ, ಇಬ್ಬರೂ ಒಂದೇ ಕೋಟನ್ನು ವಾರಕ್ಕೊಬ್ಬರಂತೆ ತೊಟ್ಟು ಬರಬೇಕೆಂದೂ ಒಮ್ಮತದಿಂದ ತೀರ್ಮಾನವಾಯಿತು. ಪಾದ್ರಿಗಳು ಪ್ರಾರ್ಥಿಸಿ ಸಹಿ ಹಾಕಿದರು. ದರ್ಜಿ ಗಿಡ್ಡ, ಮುದುಕ ಉದ್ದ. ದರ್ಜಿ ತೋಳಿನ ಮಡಿಕೆ ಬಿಚ್ಚಿ, ವಾರ ಬಿಟ್ಟು ವಾರ ಮತ್ತೆ ಮಡಿಸಿ ಹೊಲಿಯುತ್ತಿದ್ದ.

ವರ್ಷದ ಕೊನೆಯ ಭಾನುವಾರ ಬೆಳಗ್ಗೆ ಅವನ ಹೆಂಡತಿ ಕೇಳಿದಳು:

"ರೀ, ಇವತ್ತು ನಿಮ್ಮ ಸರದಿಯಾ?"

"ಅಜ್ಜನದು," ಎಂದು ದರ್ಜಿ ಒಲೆಯ ಹತ್ತಿರ ಸರಿದು ಕೂತ.

ಅತ್ತ ಕಾರ್ಯದರ್ಶಿ ವಾರ್ಷಿಕ ವರದಿ ಓದಿದರು: "ನಮ್ಮ ಸಭೆಯಲ್ಲಿ ಎರಡು ಕೋಟು ಉಳ್ಳವರು ಯಾರೂ ಇರುವುದಿಲ್ಲ. ಕೋಟು ಇಲ್ಲದವರೂ ಯಾರೂ ಕಂಡುಬಂದಿರುವುದಿಲ್ಲ." ಎಲ್ಲರೂ ಆಮೆನ್ ಎಂದರು. ಮುದುಕನೂ ಎಂದ.

ಮುದುಕ ಚಳಿಗಾಲ ದಾಟಿದ. ಈಗ ಕೆಮ್ಮು ಇಬ್ಬರಿಗೂ ಇದೆ.