ಪಕ್ಕದ ಕುರ್ಚಿಯವರ ಬೇಸ್‌ಬಾಲು

ನಾಲ್ಕು ಗಂಟೆ ಅಲುಗಾಡದಂತೆ ಕೂರಿಸಿದರೆ ಎಂಥ ಕಾಯಿಲೆಯವರ ನಡುವೆಯೂ ಏನಾದರೊಂದು ನಡೆದೇ ನಡೆಯುತ್ತದೆ. ಅದಕ್ಕೆ ನಗಬೇಕೋ ಬೇಡವೋ ಎಂದು ನಾನು ನಿಧಾನವಾಗಿ ಯೋಚಿಸುವಷ್ಟರಲ್ಲಿ ಇನ್ನೊಂದು ನಡೆದಿರುತ್ತದೆ.

ಮೂತ್ರಪಿಂಡಗಳೆರಡೂ ಕೈಕೊಟ್ಟ ಮೇಲೆ ನಾನು ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಹೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಹೋಗುತ್ತೇನೆ. ತೋಳಿಗೆ ಎರಡು ಸೂಜಿ ಚುಚ್ಚಿ, ಮೈಯ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ತೊಳೆದು, ವಾಪಸು ಕೊಡುತ್ತಾರೆ. ಮೊದಲ ದಿನ ನನ್ನ ಹೆಂಡತಿ, "ಹೊರಗೆಲ್ಲ ತಿರುಗಿ ಬಂದ ರಕ್ತ, ಮನೆಗೆ ಬಂದ ತಕ್ಷಣ ಸ್ನಾನ ಮಾಡಿಬಿಡಿ" ಎಂದಳು. ಹೊರಗಿಂದ ಬಂದವರು ಕಾಲು ತೊಳೆದು ಒಳಗೆ ಬರುವ ಮನೆ ನಮ್ಮದು. ರಕ್ತಕ್ಕೆ ಕಾಲಿಲ್ಲ ಎಂದು ನಾನು ವಾದಿಸಲಿಲ್ಲ. ತೋಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಸ್ನಾನ ಮಾಡಿದೆ.

ನನ್ನ ಪಕ್ಕದ ಕುರ್ಚಿಯವರು ಎಪ್ಪತ್ತು ದಾಟಿದ ಅಮೆರಿಕನ್ನರು. ತೈಲದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಉಳಿದಿರುವುದು ಹೂಸ್ಟನ್ನಿನ ಬೇಸ್‌ಬಾಲ್ ತಂಡವೊಂದೇ. ನನ್ನನ್ನು "ಪಾರ್ಟ್‌ನರ್" ಎಂದು ಕರೆಯುತ್ತಾರೆ. ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಬರೆಯುತ್ತಿರುವುದು ನನ್ನ ಹಳ್ಳಿಯ ಶಾಲೆಯ ಕನ್ನಡದಲ್ಲಿ. ನಡುವೆ ಏನಾದರೂ ಹೆಚ್ಚುಕಮ್ಮಿಯಾಗಿದ್ದರೆ ಅವರ ತಪ್ಪಲ್ಲ.

ಸೆಪ್ಟೆಂಬರಿನವರೆಗೂ ನಡೆಯುವ ಸೀಸನ್ ಈ ವರ್ಷ ಶುರುವಾದ ದಿನದಿಂದ ಅವರ ತಂಡ ಸೋಲುವುದಕ್ಕೇ ನಿಂತಿತು. ಮೊದಲ ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ನನ್ನ ಕಡೆ ತಿರುಗಿ, "ಪಾರ್ಟ್‌ನರ್, ಈ ಏಪ್ರಿಲ್ ನೋಡುತ್ತೇನೆ. ತಂಡ ಮೇಲೆದ್ದರೆ ನಾನೂ ಇಲ್ಲಿಗೆ ಬರುತ್ತಿರುತ್ತೇನೆ. ಏಳದಿದ್ದರೆ ಇದೆಲ್ಲ ಸಾಕು" ಎಂದರು.

ಡಯಾಲಿಸಿಸ್ ನಿಲ್ಲಿಸಿದರೆ ನಮ್ಮಂಥವರಿಗೆ ಉಳಿಯುವುದು ಒಂದೆರಡು ವಾರ. ತಮಾಷೆಯೇ ಎಂದು ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಬ್ಯಾಟು ಹಿಡಿಯುವುದು ಹೇಗೆಂದೂ ಅರಿಯದ ನನಗೆ ಅಂದಿನಿಂದ ಆ ತಂಡ ಗೆಲ್ಲಲೇಬೇಕಾಯಿತು.

೧. ಹರಕೆ

ನಮ್ಮ ಪ್ರತಿ ಕುರ್ಚಿಗೂ ಒಂದು ಪುಟ್ಟ ಟಿವಿ ಇದೆ. ಅವರು ಹಾಕಿದ್ದನ್ನೇ ನಾನೂ ಹಾಕಿಕೊಂಡು ಆಟ ಕಲಿಯತೊಡಗಿದೆ. ಮೂಲೆಮೂಲೆಗೆ ಒಬ್ಬೊಬ್ಬನಂತೆ ನಿಲ್ಲುತ್ತಾರೆ, ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಒಂದು ರನ್ನು. ಪ್ರದಕ್ಷಿಣೆ ಬಲ್ಲವನಿಗೆ ಇದು ಕಷ್ಟದ ವಿಷಯವಲ್ಲ.

ಒಂದು ಗುರುವಾರ ಟಿವಿಯಲ್ಲಿ ಆಟದ ಒಂಬತ್ತನೆಯ, ಕೊನೆಯ ಸರದಿ. ನಮ್ಮವರು ಮೂರು ಮೂಲೆಯಲ್ಲೂ ನಿಂತಿದ್ದಾರೆ, ಬೇಕಾಗಿರುವುದು ಒಂದೇ ಒಂದು ಒಳ್ಳೆಯ ಹೊಡೆತ. ಪಕ್ಕದವರು ಉಸಿರು ಬಿಗಿಹಿಡಿದಿದ್ದರು. ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದು, "ಈತ ಹೊಡೆದರೆ ನೂರೆಂಟು ಪ್ರದಕ್ಷಿಣೆ ಹಾಕುತ್ತೇನೆ, ತಂದೆ" ಎಂದು ಹರಕೆ ಹೊತ್ತೆ. ಕಣ್ಣು ತೆರೆದಾಗ ಆತ ಬ್ಯಾಟನ್ನು ನೆಲಕ್ಕೆ ಬಡಿದು ಹೋಗುತ್ತಿದ್ದ.

ಮನೆಗೆ ಬಂದು ನೊಂದುಕೊಂಡು ಹೇಳಿದೆ. ಮಗ ನಕ್ಕುಬಿಟ್ಟ. "ಅಪ್ಪಾ, ಬೆಳಿಗ್ಗೆ ಯಾರು ಆಡ್ತಾರೆ? ಅದು ನಿನ್ನೆ ಸಂಜೆಯ ಆಟದ ರಿಪ್ಲೇ. ನೀವು ಹರಕೆ ಹೊರೋ ಹೊತ್ತಿಗೆ ಅವನು ಮನೆಗೆ ಹೋಗಿ ನಿದ್ದೆ ಮಾಡಿ ಎದ್ದಿದ್ದ."

"ಸೋತಿತಲ್ಲ, ಹರಕೆ ತೀರಿಸುವ ಹಾಗಿಲ್ಲ" ಎಂದೆ, ಹೆಂಡತಿಯ ಕಡೆ ನೋಡಿ.

"ತೀರಿಸೋದು ಬೇಡ. ಆದರೆ ದೇವರು ಕೇಳಿಸಿಕೊಂಡು ನಕ್ಕಿರ್ತಾನೆ. ಆ ನಗುವಿಗಾದರೂ ಒಂದು ಕಾಯಿ ಒಡೀರಿ" ಎಂದಳು ಅವಳು.

ಶನಿವಾರ ಪಕ್ಕದವರಿಗೆ ಇದನ್ನು ಸಂಕೋಚದಿಂದಲೇ ಹೇಳಿದೆ. ಅವರು ಸಂಜೆ ಬೇಗ ಮಲಗುವವರು, ಫಲಿತಾಂಶ ತಿಳಿಯದೆಯೇ ಬೆಳಿಗ್ಗೆ ಬಂದು ನೋಡುವವರು. ನಗಲಿಲ್ಲ.

"ನಿಮ್ಮ ದೇವರು ಎಷ್ಟು ಹಳಬರು?"

"ಆದಿ ಇಲ್ಲದವರು."

"ಮತ್ತೆ? ಅಂಥವರಿಗೆ ಒಂದು ಸಂಜೆ ಹಿಂದಕ್ಕೆ ಹೋಗಿ ಬರೋದು ಏನು ಮಹಾ? ನೀವು ನಡೆಸಿ, ಪಾರ್ಟ್‌ನರ್."

೨. ಪಥ್ಯ

ನಮ್ಮ ಕಾಯಿಲೆಯಲ್ಲಿ ಬಾಳೆಹಣ್ಣು ಕೂಡದು, ತೆಂಗಿನಕಾಯಿ ಕೂಡದು, ಹಾಲು ಮೊಸರು ಲೆಕ್ಕದಲ್ಲಿ, ನೀರೂ ಲೆಕ್ಕದಲ್ಲಿ. ಎಂದರೆ ದೇವರು ಏನೇನು ಕೊಡುತ್ತಾನೋ ಅದಷ್ಟೂ ಕೂಡದು. ಪಕ್ಕದವರ ಸಂಕಟ ಬೇರೆ. ಬೇಸ್‌ಬಾಲ್ ಎಂದರೆ ಅವರಿಗೆ ಉಪ್ಪು ಹಾಕಿ ಹುರಿದ ಕಡಲೇಕಾಯಿ. ಅದೂ ಕೂಡದು.

ಪಥ್ಯ ಹೇಳುವ ಹುಡುಗಿ ತಿಂಗಳಿಗೊಮ್ಮೆ ಬರುತ್ತಾಳೆ. "ಪೂಜೆಯಾದ ಮೇಲೆ ಒಂದು ಉದ್ಧರಣೆ ತೀರ್ಥ ತೆಗೆದುಕೊಳ್ಳುತ್ತೇನಮ್ಮ. ಅದು ಲೆಕ್ಕಕ್ಕಿಲ್ಲ ತಾನೆ? ನೀರಲ್ಲ ಅದು, ತೀರ್ಥ" ಎಂದೆ. ಅವಳು ಬಹಳ ಗೌರವದಿಂದ ಯೋಚಿಸಿದಳು. "ಅಂಕಲ್, ಪವಿತ್ರ ಆಗೋ ಮೊದಲು ಅದು ಎಷ್ಟಿತ್ತು?"

"ಒಂದು ಚಮಚ."

"ಪವಿತ್ರ ಆದ ಮೇಲೂ ಒಂದೇ ಚಮಚ, ಅಲ್ವಾ?"

ಆ ಚಮಚವನ್ನೂ ಲೆಕ್ಕಕ್ಕೆ ಬರೆದುಕೊಂಡು ಅವಳು ಪಕ್ಕದವರ ಕಡೆ ತಿರುಗಿ, "ನೀವು ಉಪ್ಪು ಬಿಟ್ಟಿದ್ದೀರಾ?" ಎಂದಳು. ಟಿವಿಯಲ್ಲಿ ಆರನೆಯ ಸರದಿ ನಡೆಯುತ್ತಿತ್ತು, ನಮ್ಮವರದು ಸೊನ್ನೆ.

ಅವರು ಟಿವಿಯನ್ನು ತೋರಿಸಿ ಹೇಳಿದರು, "ಇದನ್ನು ನೋಡಮ್ಮ. ಉಪ್ಪಿಲ್ಲ, ಖಾರವಿಲ್ಲ, ಜಿಡ್ಡಿಲ್ಲ. ಇಡೀ ತಂಡವೇ ನನಗೋಸ್ಕರ ಪಥ್ಯದಲ್ಲಿದೆ."

೩. ಅರ್ಚನೆ

ತಂಡದ ಮುಖ್ಯ ಪಿಚರನಿಗೆ, ಎಂದರೆ ಚೆಂಡೆಸೆಯುವವನಿಗೆ, ಮೊಣಕೈ ನೋವು ಬಂತು. ನಮ್ಮ ಕೇಂದ್ರದಲ್ಲಿ ಸೂತಕದ ಕಳೆ. ಭಾನುವಾರ ದೇವಸ್ಥಾನಕ್ಕೆ ಹೋಗುವವನಿದ್ದೆ, ಪಕ್ಕದವರಿಗೆ "ನಿಮ್ಮ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸಲೇ?" ಎಂದು ಕೇಳಿದೆ. "ನನಗೆ ಬೇಡ, ಆ ಮೊಣಕೈಗೆ ಮಾಡಿಸಿ" ಎಂದರು.

ನಮ್ಮ ಅರ್ಚಕರು ಮೈಸೂರಿನ ಕಡೆಯವರು, ಹೂಸ್ಟನ್ನಿಗೆ ಬಂದು ಬಹಳ ವರ್ಷವಾಯಿತು. ತಟ್ಟೆ ಮುಂದಿಟ್ಟೆ.

"ಗೋತ್ರ?"

"ಗೊತ್ತಿಲ್ಲ."

"ನಕ್ಷತ್ರ?"

"ಗೊತ್ತಿಲ್ಲ."

"ಏನಾಗಿದೆ ಅವರಿಗೆ?"

"ಮೊಣಕೈ."

ಅರ್ಚಕರು ಮಂತ್ರ ನಿಲ್ಲಿಸಿ ನನ್ನನ್ನು ದಿಟ್ಟಿಸಿದರು. ದನಿ ತಗ್ಗಿಸಿ, "ಎಡಗೈಯವನಾ?" ಎಂದರು.

"ಹೌದು."

"ಅವನು ಈ ವರ್ಷಕ್ಕೆ ಬರಲ್ಲ ರೀ, ಆಪರೇಷನ್ ಅಂತೆ. ಸುಮ್ಮನೆ ವ್ಯರ್ಥ. ಬದಲಿಗೆ ಹೊಸ ಹುಡುಗನ್ನ ಇಳಿಸ್ತಿದ್ದಾರಲ್ಲ, ಅವನ ಹೆಸರಲ್ಲಿ ಮಾಡ್ತೀನಿ ಇರಿ" ಎಂದು, ಕೇಳದೆಯೇ ಸಹಸ್ರನಾಮಕ್ಕೆ ಶುರುಮಾಡಿದರು.

ಆ ಹೊಸ ಹುಡುಗ ಸೋಮವಾರ ಸಂಜೆ ಮೊದಲ ಸರದಿಯಲ್ಲೇ ಎದುರಾಳಿಗಳ ಹೊಡೆತಕ್ಕೆ ಪುಡಿಪುಡಿಯಾದ. ಮಂಗಳವಾರ ಅದನ್ನು ನೋಡಿ ಮುಗಿಸಿದ ಪಕ್ಕದವರು, "ಪೂಜೆ ಮಾಡಿಸಿದ್ದು ಎಡ ಮೊಣಕೈಗೆ ತಾನೆ?" ಎಂದರು. ನಡೆದದ್ದನ್ನು ಹೇಳಿದೆ. ಅವರು ದೀರ್ಘವಾಗಿ ಉಸಿರುಬಿಟ್ಟರು. "ನಿಮ್ಮ ಪುರೋಹಿತರನ್ನು ನಮ್ಮ ತಂಡಕ್ಕೆ ಮ್ಯಾನೇಜರ್ ಮಾಡಬಹುದು. ಈಗಿರುವವನೂ ಯಾರನ್ನೂ ಕೇಳದೆ ಇಂಥದ್ದೇ ನಿರ್ಧಾರ ಮಾಡುತ್ತಾನೆ."

೪. ಖಾಲಿ ಕುರ್ಚಿ

ನಮ್ಮ ಎದುರಿಗೆ ಒಬ್ಬ ಅಜ್ಜಿ ಕೂರುತ್ತಿದ್ದರು. ಹೆಣಿಗೆ ಹೆಣೆಯುತ್ತ, ನಮ್ಮ ತಂಡ ಸೋತಾಗಲೆಲ್ಲ ತಲೆಯೆತ್ತದೆ, "ಇನ್ನೂ ಏಪ್ರಿಲ್, ಇನ್ನೂ ಏಪ್ರಿಲ್" ಎನ್ನುತ್ತಿದ್ದರು. ಒಂದು ಶನಿವಾರ ಆ ಕುರ್ಚಿ ಖಾಲಿ ಇತ್ತು. ಮುಂದಿನ ಮಂಗಳವಾರ ಅಲ್ಲಿ ಬೇರೆ ಯಾರೋ ಕೂತಿದ್ದರು.

ಸೂಜಿ ಹಾಕುವ ಟೆಕ್ನಿಷಿಯನ್ ಆಸ್ಟಿನ್ ಕಡೆಯ ಹುಡುಗಿ. ಹೂಸ್ಟನ್ನಿಗೂ ಸೇರದ, ಡಲ್ಲಾಸಿಗೂ ಸೇರದ ಊರಿನವಳು, ಯಾವ ತಂಡದ ಕಡೆಯೋ ಎಂದು ಪಕ್ಕದವರಿಗೆ ಅವಳ ಮೇಲೆ ಸ್ವಲ್ಪ ಅನುಮಾನ. "ಆ ಅಜ್ಜಿ ಎಲ್ಲಿ?" ಎಂದರು.

"ಬೇರೆ ಪೇಷೆಂಟ್ ವಿಷಯ ನಾವು ಹೇಳುವ ಹಾಗಿಲ್ಲ, ಸರ್." ಹೇಳುವಾಗ ಅವಳ ಕಣ್ಣು ತುಂಬಿತ್ತು. ನಿಯಮ ಬಾಯಿಗೆ ಮಾತ್ರ ಇತ್ತು.

ನಾನು ಮನಸ್ಸಿನಲ್ಲೇ ಒಂದು ಶ್ಲೋಕ ಹೇಳಿಕೊಂಡೆ. ಆಮೇಲೆ ಪಕ್ಕದವರು ನನಗೆ ವಿವರಿಸಿದರು. ಈ ಆಟದಲ್ಲಿ ಆಟಗಾರನನ್ನು ಕೇಳದೆಯೇ ಇನ್ನೊಂದು ತಂಡಕ್ಕೆ ಕೊಟ್ಟುಬಿಡುತ್ತಾರಂತೆ, ಬೆಳಗಾಗುವುದರೊಳಗೆ ಅವನ ಜಾಗದಲ್ಲಿ ಬೇರೊಬ್ಬ.

"ಆಕೆಯನ್ನು ಕೊಟ್ಟುಬಿಟ್ಟರು, ಪಾರ್ಟ್‌ನರ್."

"ಯಾವ ತಂಡಕ್ಕೆ?"

ಅವರು ಸೂಜಿಯಿಲ್ಲದ ಕೈಯನ್ನು ಎತ್ತಿ ಚಾವಣಿ ತೋರಿಸಿದರು. "ಅಲ್ಲಿಯವರು ನಮ್ಮಿಂದ ಎಷ್ಟು ಜನರನ್ನು ತಗೊಂಡರು! ಬದಲಿಗೆ ಒಬ್ಬ ಒಳ್ಳೇ ಪಿಚರನ್ನಾದರೂ ಕಳಿಸಬಾರದಿತ್ತೇ?"

೫. ಟೋಪಿ

ಏಪ್ರಿಲ್ ಮುಗಿಯಿತು. ತಂಡ ಪಟ್ಟಿಯ ತಳದಲ್ಲಿತ್ತು. ಗುರುವಾರ ಪಕ್ಕದ ಕುರ್ಚಿ ಖಾಲಿ.

ಟೆಕ್ನಿಷಿಯನ್ ಹುಡುಗಿಯನ್ನು ಕೇಳಲಿಲ್ಲ. ಏನು ಹೇಳುತ್ತಾಳೆಂದು ಗೊತ್ತಿತ್ತು. ಮನೆಗೆ ಬಂದು ಫೋನ್ ಮಾಡಿದೆ. ಎತ್ತಿದರು, ದೇವರ ದಯೆ.

"ಏಪ್ರಿಲ್ ಅಂದಿದ್ದೆ, ಆಯಿತಲ್ಲ. ನನ್ನ ಕುರ್ಚಿ ಯಾರಿಗಾದರೂ ಕೊಡಲಿ."

"ನಿನ್ನೆ ಗೆದ್ದಿದ್ದಾರೆ."

"ಒಂದು."

"ಒಂದಾದರೂ ಗೆದ್ದರಲ್ಲ."

"ಮಾತು ಅಂದರೆ ಮಾತು, ಪಾರ್ಟ್‌ನರ್" ಎಂದು ಇಟ್ಟುಬಿಟ್ಟರು.

ಅಂದು ನನಗೆ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ತೆಗೆಯುತ್ತ, "ಮಾತಿಗೆ ತಪ್ಪದವರನ್ನ ಮಾತು ಹೇಳಿ ಕರ್ಕೊಂಡು ಬರೋಕಾಗಲ್ಲ. ಸಿಟ್ಟು ಬರಿಸಿ, ತಾವಾಗೇ ಬರ್ತಾರೆ" ಎಂದಳು.

ಶುಕ್ರವಾರ ಡಲ್ಲಾಸಿನಿಂದ ಮಗಳು, ಅಳಿಯ ಬಂದರು. ಅಳಿಯ ಹುಬ್ಬಳ್ಳಿಯವನು, ಈಗ ಡಲ್ಲಾಸ್ ತಂಡದ ಭಕ್ತ. ತಲೆಯ ಮೇಲೆ ಆ ತಂಡದ ಟೋಪಿ. ಹೂಸ್ಟನ್ನಿನವರಿಗೆ ಆ ಟೋಪಿ ಕಂಡರೆ ಹಸಿಮೆಣಸಿನಕಾಯಿ ಕಡಿದಂತಾಗುತ್ತದೆ. ನಾನು ಅವನ ತಲೆಯನ್ನೇ ನೋಡುತ್ತಿದ್ದೆ.

"ಮಾವಾರ, ಏನ್ ಬೇಕಾಗಿತ್ರಿ?"

"ಅದು ಬೇಕಿತ್ತಪ್ಪ. ಒಂದು ದಿನಕ್ಕೆ."

ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ, ಟೋಪಿ ಹಾಕಿಕೊಂಡು ಕೇಂದ್ರಕ್ಕೆ ಹೋದೆ. ನೇರವಾಗಿ ಪಕ್ಕದವರ ಕುರ್ಚಿಯಲ್ಲಿ ಕೂತೆ. "ನಿಮ್ಮದು ಅದಲ್ಲವಲ್ಲ, ಅಂಕಲ್" ಎಂದಳು ಟೆಕ್ನಿಷಿಯನ್. ನನ್ನ ತಲೆ ನೋಡಿದಳು, ಬಾಗಿಲ ಕಡೆ ನೋಡಿದಳು, ಎರಡೂ ಸೂಜಿ ಹಾಕಿದಳು. ಟಿವಿಯಲ್ಲಿ ಡಲ್ಲಾಸಿನ ಆಟ ಹಚ್ಚಿಸಿಕೊಂಡೆ. ಇನ್ನೊಂದು ಕೈಯಲ್ಲಿ ಫೋನ್ ಮಾಡಿದೆ.

"ನಿಮ್ಮ ಕುರ್ಚಿ ಹೋಯಿತು. ಡಲ್ಲಾಸ್ ಟೋಪಿ ಹಾಕಿಕೊಂಡ ಒಬ್ಬರು ಕೂತಿದ್ದಾರೆ."

"ನನ್ನ ಕುರ್ಚಿಯಲ್ಲಿ?"

"ಹೌದು."

"ಟಿವಿಯಲ್ಲಿ ಏನು ಹಾಕಿಕೊಂಡಿದ್ದಾನೆ?"

"ಡಲ್ಲಾಸಿನ ಆಟ. ಗೆಲ್ಲುತ್ತಿದ್ದಾರೆ."

ಫೋನ್ ಕಟ್ಟಾಯಿತು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪೂಜೆ ಮಾಡಿ ಬಂದ ಬಾಯಲ್ಲಿ ಸುಳ್ಳಾಡುವುದುಂಟೇ?

ಸ್ವಲ್ಪ ಹೊತ್ತಿಗೆಲ್ಲ ಬಾಗಿಲು ತೆರೆಯಿತು. ಮನೆಯ ಚಪ್ಪಲಿಯಲ್ಲೇ ಬಂದಿದ್ದರು. ಮುಖ ಊದಿತ್ತು, ಕಾಲು ಚಪ್ಪಲಿಯಿಂದ ಹೊರಗೆ ಉಕ್ಕಿತ್ತು, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಎದುರಿಗೆ ಬಂದು ನಿಂತು ಟೋಪಿ ನೋಡಿದರು, ಅದರ ಕೆಳಗಿನ ಗಂಧ ನೋಡಿದರು.

"ನೀನಾ?"

"ನಾನೇ."

"ಏಳು ಮೇಲೆ."

"ಏಳಲಾರೆ. ಸೂಜಿ ಹಾಕಿದ್ದಾರೆ. ಇನ್ನೂ ಮೂರು ಗಂಟೆಯ ಮೇಲಿದೆ. ಅಲ್ಲಿಯವರೆಗೆ ನನ್ನ ಕುರ್ಚಿ ಖಾಲಿ ಇದೆ, ಕೂತಿರಿ."

ನಿಲ್ಲಲಾರದೆ ಕೂತರು. ಕೂತದ್ದೇ ತಡ, ಟೆಕ್ನಿಷಿಯನ್ ಯಂತ್ರ ಎಳೆದು ತಂದಳು. "ಸರ್, ಬಿ.ಪಿ. ಬಹಳ ಮೇಲಿದೆ."

"ಇರುತ್ತದೆ! ಎದುರಿಗಿರುವುದನ್ನು ನೋಡಮ್ಮ!" ಎಂದು ಬೈಯುತ್ತಲೇ ತೋಳು ಚಾಚಿದರು. ಅವಳು ಆ ಕ್ಷಣವನ್ನು ಬಿಡಲಿಲ್ಲ.

ಪೂರ್ತಿ ಹೊತ್ತು ಕೂತರು. ನಾನು ಎದ್ದು ಹೊರಡುವಾಗ ಕೇಳಿದರು, "ಮಂಗಳವಾರವೂ ಅದನ್ನು ಹಾಕಿಕೊಂಡು ಬರುತ್ತೀಯಾ?"

"ನೀವು ಬರುವುದಾದರೆ."

"ಬರುತ್ತೇನೆ. ಬೆಂಕಿಪೊಟ್ಟಣ ತರುತ್ತೇನೆ."

"ಇಲ್ಲಿ ಆಕ್ಸಿಜನ್ ಇದೆ, ಸರ್, ಬೆಂಕಿ ತರುವ ಹಾಗಿಲ್ಲ" ಎಂದಳು ಟೆಕ್ನಿಷಿಯನ್.

ಅವರು ಅವಳ ಕಡೆಗೊಮ್ಮೆ, ಟೋಪಿಯ ಕಡೆಗೊಮ್ಮೆ ನೋಡಿ, ಕಣ್ಣು ಮುಚ್ಚಿಕೊಂಡರು.

ಮಂಗಳವಾರ ನಾನು ಟೋಪಿ ಹಾಕಿಕೊಂಡು ಹೋಗುವಷ್ಟರಲ್ಲಿ ಅವರು ಬಂದು ತಮ್ಮ ಕುರ್ಚಿಯಲ್ಲಿ ಕೂತು, ಸೂಜಿ ಹಾಕಿಸಿಕೊಂಡು, ಬಾಗಿಲನ್ನೇ ನೋಡುತ್ತಿದ್ದರು. ತೊಡೆಯ ಮೇಲೆ ಕತ್ತರಿ ಇತ್ತು.