ಕುಂಬಳ ಬಳ್ಳಿಗೆ ನಾನು ಮಾಡಿದ ಉಪಕಾರ

ಹೂ ಹರಿಯುವುದರಲ್ಲಿ ನನ್ನಷ್ಟು ನಾಜೂಕಿನವರು ಯಾರೂ ಇಲ್ಲ ಎಂಬ ಜಂಬ ನನಗೆ ಚಿಕ್ಕಂದಿನಿಂದಲೂ ಇದೆ. ಕೆಲವರು ಹೂ ಹರಿಯುವುದನ್ನು ನೋಡಿದರೆ ಗಿಡದ ಮೇಲೆ ಯಾವುದೋ ಹಳೆಯ ಸಿಟ್ಟು ತೀರಿಸಿಕೊಳ್ಳುತ್ತಿದ್ದಾರೆ ಅನಿಸುತ್ತದೆ. ಟೊಂಗೆ ಜಗ್ಗುತ್ತಾರೆ, ಎಲೆ ಉದುರಿಸುತ್ತಾರೆ, ನಾಳೆ ಅರಳಬೇಕಾದ ಮೊಗ್ಗನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ನಾನು ಹಾಗಲ್ಲ. ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಉಗುರು ತಾಗಿಸಿ, ಗಿಡಕ್ಕೆ ಗೊತ್ತೇ ಆಗದ ಹಾಗೆ ಬಿಡಿಸಿಕೊಳ್ಳುತ್ತೇನೆ. ಒಳಗೆ ಇರುವೆ ಇದ್ದರೆ ಮೆಲ್ಲಗೆ ಊದಿ ಎಲೆಯ ಮೇಲೆ ಇಳಿಸುತ್ತೇನೆ. ಕಾನ್ವೆಂಟಿನಲ್ಲಿ ಓದಿದವಳು ನೋಡಿ, ಇರುವೆಗೂ ಒಂದು ‘ಸಾರಿ’ ಹೇಳದೆ ಇರಲಾಗುವುದಿಲ್ಲ. ಇಷ್ಟು ನಾಜೂಕಿನ ಈ ಕೈಯಿಂದಲೇ ಹೋದ ಶ್ರಾವಣದಲ್ಲಿ ನಾನು ಒಂದು ವಂಶವನ್ನು ನಿರ್ವಂಶ ಮಾಡುವುದರಲ್ಲಿದ್ದೆ.

ಗಾಬರಿಯಾಗಬೇಡಿ, ಕುಂಬಳಕಾಯಿಯ ವಂಶ. ಆದರೆ ನಮ್ಮ ಅತ್ತೆಯ ಮುಂದೆ ‘ಬರೀ ಕುಂಬಳಕಾಯಿ’ ಎಂದು ಹೇಳುವ ಧೈರ್ಯ ನನಗಿಲ್ಲ. ಅವರ ತವರು ಹಂಸಭಾವಿ. ಅಲ್ಲಿನ ಹೊಲದ ಬದುವಿನಲ್ಲಿ ಅವರ ಅವ್ವ, ಅವ್ವನ ಅವ್ವ ಹಾಕಿಕೊಂಡು ಬಂದ ಕಾಯಿ ಅದು. ಗಾತ್ರದಲ್ಲಿ ಸಣ್ಣದು, ಮೈತುಂಬ ಪಕ್ಕೆ ಪಕ್ಕೆ, ಕೊಯ್ದರೆ ಒಳಗೆ ಕೇಸರಿ. ಅದನ್ನು ತುರಿದು ಕರಿಯುವ ಸಿಹಿ ಗಾರಿಗೆಗೆ ಬೆಲ್ಲ ಅರ್ಧ ಸಾಕು ಎನ್ನುತ್ತಾರೆ ಅತ್ತೆ. ತವರಿನಲ್ಲಿ ಈಗ ಬದುವಿನ ತನಕ ಗೋವಿನಜೋಳ. ಕುಂಬಳದ ಬೀಜ ಇಟ್ಟಿದ್ದ ಗಡಿಗೆಯನ್ನು ಇಲಿಗಳು ಖಾಲಿ ಮಾಡಿದ್ದವು. ಉಳಿದದ್ದು ಅತ್ತೆಯ ನಶ್ಯದ ಡಬ್ಬಿಯಲ್ಲಿದ್ದ ಐದು ಬೀಜ. ಹಾನಗಲ್ಲಿನ ನಮ್ಮ ಮನೆಯ ಹಿತ್ತಿಲಲ್ಲಿ ಐದನ್ನೂ ಊರಿದೆವು. ಎರಡು ಕೊಳೆತವು, ಎರಡನ್ನು ಬಸವನಹುಳು ತಿಂದಿತು. ಒಂದೇ ಒಂದು ಬಳ್ಳಿ ಗಟ್ಟಿಯಾಗಿ ನಿಂತು, ಬಚ್ಚಲಮನೆಯ ತಗಡನ್ನು ಹತ್ತಿ, ಸಿಂಟೆಕ್ಸ್ ಟಾಕಿಯ ಕೊರಳಿಗೆ ಕೈ ಹಾಕಿತು.

ಶ್ರಾವಣ ಬರುವುದಕ್ಕೂ ಅದು ಹೂ ಬಿಡುವುದಕ್ಕೂ ಸರಿಹೋಯಿತು. ಬೆಳಗಿನ ನಸುಕಿನಲ್ಲಿ ತಗಡಿನ ಮೇಲೆ ಹಳದಿ ಹೂಗಳು ಗ್ರಾಮೊಫೋನಿನ ಕಹಳೆಯ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದವು. ಅತ್ತೆಗೆ ಮೊಣಕಾಲು ನೋವು, ಹಿತ್ತಿಲ ಮೆಟ್ಟಿಲು ಇಳಿಯುವುದಿಲ್ಲ. ಅಡುಗೆಮನೆಯಿಂದಲೇ ಕೂಗಿ ಹೇಳಿದರು: “ಶೈಲವ್ವಾ, ದೇವರಿಗೆ ಹೂ ಹರಕೊಂಡು ಬಾ. ಆದ್ರ ಮಿಡಿ ಇದ್ದ ಹೂವಿಗೆ ಮಾತ್ರ ಕೈ ಹಚ್ಚಬ್ಯಾಡ ನೋಡ.”

ಕುಂಬಳದಲ್ಲಿ ಎರಡು ಥರದ ಹೂ. ಕೆಲವಕ್ಕೆ ಉದ್ದ ತೊಟ್ಟು, ಕೆಳಗೆ ಏನೂ ಇಲ್ಲ. ಕೆಲವಕ್ಕೆ ಗಿಡ್ಡ ತೊಟ್ಟು, ಹೂವಿನ ಬುಡದಲ್ಲೇ ನೆಲ್ಲಿಕಾಯಿಯಷ್ಟು ಹಸಿರು ಮಿಡಿ. ಮಿಡಿ ಇದ್ದ ಹೂ ಎರಡೋ ಮೂರೋ ಇರುತ್ತಿದ್ದವು. ಅವನ್ನು ಮುಟ್ಟುವುದಿರಲಿ, ಅವುಗಳ ಹತ್ತಿರ ಉಸಿರನ್ನೂ ಜೋರಾಗಿ ಬಿಡುತ್ತಿರಲಿಲ್ಲ. ಉದ್ದ ತೊಟ್ಟಿನವು ಮಾತ್ರ ಕಾಯಿಯಾಗುವ ಪೈಕಿಯಲ್ಲ, ಬರೀ ಶೋಕಿಯವು, ಎಂದು ಒಂದನ್ನೂ ಬಿಡದೆ ಹರಿದುಕೊಳ್ಳುತ್ತಿದ್ದೆ. ಶ್ರಾವಣ ಅಲ್ಲವೇ, ಎಷ್ಟು ಹೂ ಇದ್ದರೂ ದೇವರಿಗೆ ಬೇಕು. ದೇವರಿಗೆ ಏರಿಸಿ ಉಳಿದವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡುತ್ತಿದ್ದೆ. ದೇವರಿಗೂ ಸಂತೋಷ, ಮನೆಯವರಿಗೂ ಸಂತೋಷ.

ಹೂ ಬಾಡಿದ ಮೇಲೆ ಮಿಡಿ ಮಾತ್ರ ಹಿಗ್ಗಲಿಲ್ಲ. ಎರಡು ದಿನ ಹಸಿರಾಗಿರುವುದು, ಮೂರನೆಯ ದಿನ ಹಳದಿಯಾಗುವುದು, ನಾಲ್ಕನೆಯ ದಿನ ಪಟ್ಟನೆ ತಗಡಿನ ಮೇಲೆ ಬೀಳುವುದು. ಬಿದ್ದ ಸಪ್ಪಳಕ್ಕೆ ಅತ್ತೆ ಒಳಗಿನಿಂದಲೇ, “ಹೋತೇನ ಮತ್ತೊಂದು?” ಎನ್ನುತ್ತಿದ್ದರು.

ಕಾರಣಗಳಿಗೇನು ಬರ? ಅತ್ತೆ ದೃಷ್ಟಿ ತಾಗಿದೆ ಎಂದು ಹಳೆಯ ಚಪ್ಪಲಿ ಕಟ್ಟಿಸಿದರು. ತಹಶೀಲ್ದಾರ್ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ನಮ್ಮ ಮನೆಯವರು, ಬೇಸಾಯ ಬಿಟ್ಟು ಇಪ್ಪತ್ತು ವರ್ಷವಾದರೂ ರೈತರ ಧಾಟಿಯಲ್ಲಿ ಮಣ್ಣನ್ನು ಚಿವುಟಿ ನೋಡಿ, “ಶಕ್ತಿ ಕಡಿಮಿ ಆಗೇತಿ” ಎಂದು ಎರಡು ಹಿಡಿ ಗೊಬ್ಬರ ಹಾಕಿದರು. ಬಳ್ಳಿ ಇನ್ನಷ್ಟು ಹೂ ಬಿಟ್ಟಿತು, ನಾನು ಇನ್ನಷ್ಟು ಬಜ್ಜಿ ಮಾಡಿದೆ.

ಪಕ್ಕದ ಮನೆಯ ಮಮತಾಜ್ ಬಜ್ಜಿಯ ವಾಸನೆಗೇ ಗೋಡೆಯ ಮೇಲೆ ಮುಖ ತೋರಿಸುತ್ತಾಳೆ. ಸವಣೂರಿನವಳು, ಅವಳ ಅಪ್ಪನದು ವೀಳ್ಯದ ಎಲೆಬಳ್ಳಿಯ ತೋಟ. “ಅಕ್ಕಾರ, ನಮ್ಮ ಎಲಿಬಳ್ಳೀನ ಛಲೋ ನೋಡ್ರಿ. ಹೂವೂ ಬ್ಯಾಡ, ಕಾಯೀನೂ ಬ್ಯಾಡ, ಹುಳದ ಉಸಾಬರೀನೂ ಬ್ಯಾಡ. ಕಡ್ಡಿ ಊರಿದ್ರ ಆತು, ಚಿಗೀತೈತಿ. ಈ ಹೂ ಬಿಡೂ ಮಂದೀದ ಬಾಳ ನಖರಾ” ಎಂದು ನಾಲ್ಕು ಬಜ್ಜಿ ಎತ್ತಿಕೊಂಡು, ತಟ್ಟೆಗೆ ಒಂದು ಹಿಡಿ ಕುರುಕಲು ಸವಣೂರು ಖಾರ ಸುರಿದು ಹೋಗುತ್ತಿದ್ದಳು.

ಒಂದು ದಿನ ಅತ್ತೆ ಖಾಲಿ ನಶ್ಯದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕೂತಿದ್ದರು. ಏನೂ ಬಯ್ಯಲಿಲ್ಲ. “ನಮ್ಮವ್ವ ನನ್ನ ಕಳಸೂ ಮುಂದ ಉಡ್ಯಾಗ ಈ ಬೀಜ ಹಾಕಿದ್ಲು. ಇಷ್ಟು ವರ್ಷ ಮುಂದ ದಾಟಿಸಿದ್ನಿ. ನನ್ನ ಕೈಯಾಗ ಮುಗೀತೈತೇನೋ” ಎಂದರು. ನಮ್ಮ ಅತ್ತೆ ಬಯ್ದರೆ ನನಗೆ ರೂಢಿ. ಬಯ್ಯದಿದ್ದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಅಂದಿನಿಂದ ನಾನು ಚಹಾದ ಬಟ್ಟಲು ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಪಹರೆ ಶುರು ಮಾಡಿದೆ. ನಸುಕಿನಲ್ಲಿ ಹೂ ಹರಿಯುವ ಕೆಲಸ ಮುಗಿಸಿಯೇ ಕೂರುತ್ತಿದ್ದೆ, ಅದನ್ನು ಮರೆಯಬೇಡಿ. ಸೂರ್ಯ ಗೋಡೆ ದಾಟಿದ ಮೇಲೆ ಜೇನುಹುಳಗಳು ಬರುತ್ತಿದ್ದವು. ಮಿಡಿಯ ಹೂವಿಗೆ ಇಳಿದು, ಮಕರಂದ ಹೀರಿ, ತಗಡಿನ ಮೇಲೆ ಎರಡು ಸುತ್ತು ಹಾಕಿ, ಏನೋ ಹುಡುಕಿ, ಸಿಗದೆ ಹೊರಟುಹೋಗುತ್ತಿದ್ದವು. ಇವು ಈಚೆಗೆ ಬಹಳ ಸೋಮಾರಿಗಳಾಗಿವೆ ಎಂದು ನಾನು ತೀರ್ಮಾನಿಸಿದೆ.

ಬೇಸರ ಕಳೆಯಲು ದಾಸವಾಳದ ಗಿಡ ಇತ್ತು. ಅದಕ್ಕೆ ಒಂದು ಜೋಡಿ ಸೂರಕ್ಕಿ ಬರುತ್ತದೆ, ಹೆಬ್ಬೆರಳಿನಷ್ಟು ಹಕ್ಕಿ, ಕೊಕ್ಕು ಮಾತ್ರ ಬಾಗಿದ ಸೂಜಿ. ಮಗಳ ಒಂಬತ್ತನೆಯ ತರಗತಿಯ ಪುಸ್ತಕ, ಮೊಬೈಲು ಎರಡನ್ನೂ ಕೆದಕಿದೆ. ಜೇನಿಗೆ ಕೆಂಪು ಸರಿಯಾಗಿ ಕಾಣಿಸುವುದಿಲ್ಲವಂತೆ. ಹಕ್ಕಿಗೆ ಕೆಂಪೆಂದರೆ ಕಣ್ಣು ಕುಕ್ಕುತ್ತದೆ, ಆದರೆ ವಾಸನೆಯ ಗೊಡವೆ ಅಷ್ಟಿಲ್ಲ. ಅದಕ್ಕೇ ಹಕ್ಕಿಯನ್ನು ನಂಬಿದ ಹೂಗಳು ಹೆಚ್ಚಾಗಿ ಕೆಂಪು ಸೀರೆ ಉಟ್ಟು, ಅತ್ತರು ಹಚ್ಚದೆ ನಿಲ್ಲುತ್ತವೆ. ಜೇನನ್ನು ನಂಬಿದ ಎಷ್ಟೋ ಹೂಗಳು ಹಳದಿ, ನೀಲಿ ಉಟ್ಟು, ನಮ್ಮ ಕಣ್ಣಿಗೆ ಕಾಣದ ರಂಗೋಲಿಯನ್ನು ದಳದ ಮೇಲೆ ಹಾಕಿ, ‘ಹೀಗೆ ಒಳಗೆ ಬರ್ರಿ’ ಎಂದು ದಾರಿ ತೋರಿಸುತ್ತವೆ. ಹೂವಿನ ಕೊಳವೆ ಉದ್ದವಾದರೆ ಕೊಕ್ಕೂ ಉದ್ದವಾಗಬೇಕು, ಕೊಕ್ಕು ಬಾಗಿದರೆ ಹೂವೂ ಬಾಗಬೇಕು; ಕೋಟ್ಯಂತರ ವರ್ಷ ಒಂದಕ್ಕೊಂದು ಹೊಂದಿಕೊಳ್ಳುತ್ತಲೇ ಬಂದಿವೆ. ನಾನೂ ನಮ್ಮ ಅತ್ತೆಯೂ ಹೊಂದಿಕೊಳ್ಳಲು ಶುರುಮಾಡಿ ಇನ್ನೂ ಹತ್ತೊಂಬತ್ತೇ ವರ್ಷ, ಅವಸರ ಮಾಡಬಾರದು ಎಂದು ಸಮಾಧಾನವಾಯಿತು. ಹೊಂದಾಣಿಕೆಯಲ್ಲೂ ಕಳ್ಳತನ ಉಂಟು ಅನ್ನಿ. ನಮ್ಮ ಸೂರಕ್ಕಿ ದಾಸವಾಳದ ಮುಂಬಾಗಿಲಿಗೆ ಹೋಗುವುದೇ ಇಲ್ಲ. ಬುಡಕ್ಕೆ ತೂತು ಹಾಕಿ, ಪರಾಗದ ಒಂದು ಕಣವನ್ನೂ ಮೈಗೆ ಸೋಕಿಸಿಕೊಳ್ಳದೆ ಸಿಹಿ ಕುಡಿದು ಹಾರುತ್ತದೆ. ಕಳ್ಳಿ, ಎಂದು ಬಯ್ದೆ. ಕಳ್ಳಿ ಯಾರೆಂಬುದು ಆಗಿನ್ನೂ ಗೊತ್ತಾಗಿರಲಿಲ್ಲ.

ನಾಚಿಕೆಯ ಸಂಗತಿ ಎಂದರೆ ದಾಸವಾಳವೇ ಶಾಲೆಯಲ್ಲಿ ನನಗೆ ಹತ್ತಕ್ಕೆ ಹತ್ತು ತಂದುಕೊಟ್ಟ ಹೂ. ವಿಜ್ಞಾನದ ಸಿಸ್ಟರ್ ಬ್ಲೇಡಿನಿಂದ ಹೂವನ್ನು ಉದ್ದಕ್ಕೆ ಸೀಳಿಸಿ ಚಿತ್ರ ಬರೆಸಿದ್ದರು. ನಾನು ಬಣ್ಣದ ಪೆನ್ಸಿಲ್ಲಿನಲ್ಲಿ ಪ್ರತಿಯೊಂದು ಭಾಗವನ್ನೂ ಬರೆದು, ಸ್ಕೇಲಿಟ್ಟು ಗೆರೆ ಎಳೆದು, ಹೆಸರು ಹಾಕಿದ್ದೆ. ಸಿಸ್ಟರ್ ಅದನ್ನು ಇಡೀ ತರಗತಿಗೆ ಎತ್ತಿ ತೋರಿಸಿದ್ದರು.

ಹೀಗಿರುವಾಗ ಆಡೂರಿನಿಂದ ಫೋನು ಬಂತು. ನಮ್ಮ ಮನೆಯವರ ದಾಯಾದಿಯ ಮನೆಯಲ್ಲಿ ಸೊಸೆ ಹೆಣ್ಣು ಹಡೆದಿದ್ದಳು. ಸಂತೋಷದ ಸುದ್ದಿಯೇ, ಆದರೆ ನಮಗೂ ಪುರುಡು ಬಂತು. ಹನ್ನೊಂದು ದಿನ ದೇವರಮನೆಯ ಬಾಗಿಲು ಹಾಕಬೇಕು, ಪೂಜೆ ಇಲ್ಲ. “ಶ್ರಾವಣ ಮುಗಿಯೂ ಹೊತ್ತಿಗೇ ಬರಬೇಕಿತ್ತ ನೋಡ ಈ ಕೂಸು” ಎಂದು ಅತ್ತೆ ಪೇಚಾಡಿಕೊಂಡರು, ಮರುಗಳಿಗೆಯಲ್ಲೇ ಕೂಸಿನ ಮೂಗು ಯಾರ ಹಾಗಿದೆ ಎಂದು ಫೋನಿನಲ್ಲಿ ವಿಚಾರಿಸಿದರು.

ಪೂಜೆ ಇಲ್ಲದ ಮೇಲೆ ಹೂ ಯಾಕೆ ಹರಿಯಲಿ? ಮೊದಲನೆಯ ಬೆಳಿಗ್ಗೆ ಬರೀ ಚಹಾದ ಬಟ್ಟಲು ಹಿಡಿದು ಕಲ್ಲಿನ ಮೇಲೆ ಕೂತೆ. ತಗಡಿನ ಮೇಲೆ ಹದಿನಾಲ್ಕು ಹೂ ಅರಳಿದ್ದವು. ಜೇನುಹುಳ ಬಂತು. ಉದ್ದ ತೊಟ್ಟಿನ ಹೂವೊಂದರೊಳಗೆ ತಲೆ ಕೆಳಗಾಗಿ ಮುಳುಗಿ, ಕಾಮಣ್ಣನ ಹಬ್ಬದಲ್ಲಿ ಬಣ್ಣ ಆಡಿದ ಹುಡುಗರ ಹಾಗೆ ಮೈತುಂಬ ಹಳದಿ ಹುಡಿ ಮೆತ್ತಿಕೊಂಡು ಹೊರಗೆ ಬಂತು. ಅಲ್ಲಿಂದ ನೇರವಾಗಿ ಹಾರಿ ಮಿಡಿಯ ಹೂವಿಗೆ ಇಳಿಯಿತು. ಅದರ ಹಿಂದೆ ಒಂದು ಕರಿ ದುಂಬಿ, ಅದೂ ಹಳದಿ ಅಂಗಿ ತೊಟ್ಟಿತ್ತು.

ನನ್ನ ಕೈಯ ಚಹಾ ಆರಿತು. ಗಂಡು ಹೂ! ಇಪ್ಪತ್ತು ದಿನ ನಾನು, ಹತ್ತಕ್ಕೆ ಹತ್ತು ತೆಗೆದುಕೊಂಡವಳು, ದಿನಾ ನಸುಕಿನಲ್ಲಿ ಎದ್ದು ಮದುವಣಗಿತ್ತಿಯರನ್ನು ಜೋಪಾನವಾಗಿ ಮಂಟಪದಲ್ಲಿ ಉಳಿಸಿ, ಗಂಡಿನ ಕಡೆಯವರನ್ನೆಲ್ಲ ಹಿಡಿದು ಕಡಲೆಹಿಟ್ಟಿನಲ್ಲಿ ಕರಿದಿದ್ದೆ.

ಐದನೆಯ ದಿನಕ್ಕೆ ಒಂದು ಮಿಡಿ ನಿಂಬೆಹಣ್ಣಾಯಿತು. ಎಂಟನೆಯ ದಿನಕ್ಕೆ ಮೂರು ನಿಂತವು. ಅತ್ತೆ ನೋವಿನ ಮೊಣಕಾಲಿನಲ್ಲೇ ಮೆಟ್ಟಿಲಿಳಿದು ಬಂದು, ಕಣ್ಣ ಮೇಲೆ ಕೈಯಿಟ್ಟು ನೋಡಿ, “ಆಡೂರ ಕೂಸಿನ ಕಾಲ್ಗುಣ!” ಎಂದರು. ನಮ್ಮ ಮನೆಯವರು, “ಗೊಬ್ಬರ ಈಗ ಹತ್ತಿತು ನೋಡ್ರಿ” ಎಂದರು. ಮಮತಾಜ್ ಗೋಡೆಯ ಮೇಲಿಂದ, “ನಾ ದುವಾ ಮಾಡಿದ್ನಿ ಅಕ್ಕಾರ” ಎಂದಳು. ಇಷ್ಟು ಮಂದಿ ಯಶಸ್ಸು ಹಂಚಿಕೊಳ್ಳುವಾಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ನಡೆಯುತ್ತಿತ್ತು. ಆದರೆ ಹನ್ನೊಂದನೆಯ ದಿನ ಅತ್ತೆ, “ನಾಳೆಯಿಂದ ಪೂಜಿ, ಹೂ ಹರಕೊಂಡು ಬಾ” ಎಂದಾಗ ಬೇರೆ ದಾರಿ ಉಳಿಯಲಿಲ್ಲ. ಎಲ್ಲವನ್ನೂ ಹೇಳಿದೆ.

ಅತ್ತೆ ನನ್ನ ಕೈ ಹಿಡಿದು ಬೆರಳುಗಳನ್ನು ನೋಡಿದರು. “ಅಷ್ಟೂ ಹರದ್ಯಾ?”

“ಅಷ್ಟೂ ರೀ.”

“ಒಂದೂ ಬಿಡಲಿಲ್ಲ?”

“ನೀವ ಹೇಳಿದ್ರೆಲ್ರೀ, ಮಿಡಿ ಇದ್ದದ್ದು ಬಿಡು ಅಂತ.”

“ಅಯ್ಯ ನಮ್ಮವ್ವಾ! ಹೊಲದಾಗ ಬದುವಿನುದ್ದಕ್ಕ ಹೂ ಇರತಿದ್ದು, ಯಾರು ಎಷ್ಟು ಹರಕೊಂಡ್ರೂ ಹುಳಕ್ಕ ಉಳೀತಿದ್ದು. ಇಂಥಾ ಚೊಕ್ಕ ಕೆಲಸದಾಕಿ ಬರ್ತಾಳಂತ ನಮ್ಮವ್ವಗ ಏನ್ ಗೊತ್ತಿತ್ತು? ನಿಮ್ಮ ಸಾಲ್ಯಾಗ ಏನ ಕಲಸ್ಯಾರ?”

“ಹೂವಿನ ಚಿತ್ರ ತಗ್ಯಾಕ ಕಲಸ್ಯಾರ್ರೀ.”

“ಅದರಾಗ ಹುಳ ಇತ್ತೇನ?”

ಇರಲಿಲ್ಲ. ಸ್ಕೇಲಿಟ್ಟು ಎಳೆದ ಗೆರೆಗಳಿದ್ದವು, ಹೆಸರುಗಳಿದ್ದವು, ಹುಳ ಇರಲಿಲ್ಲ. ಅತ್ತೆ ನಗತೊಡಗಿದರು. ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನನಗೂ ನಗು ಬಂತು.

ಆಶ್ವಯುಜದ ಶೀಗಿ ಹುಣ್ಣಿಮೆಗೆ ಮೊದಲ ಕಾಯಿ ಕೊಯ್ದೆವು. ಗಾರಿಗೆಗೆ ಬೆಲ್ಲ ನಿಜಕ್ಕೂ ಅರ್ಧ ಸಾಕಾಯಿತು. ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಅತ್ತೆ, ನಶ್ಯದ ಡಬ್ಬಿ ತುಂಬಿದ ಮೇಲೆ ಉಳಿದದ್ದನ್ನು ಎರಡು ಗಂಟು ಕಟ್ಟಿದರು. ಒಂದು ಆಡೂರಿನ ಕೂಸಿನ ಮನೆಗೆ, ಇನ್ನೊಂದು ಮಮತಾಜ್‌ಗೆ. “ಎಲ್ಲಾ ಒಂದ ಮನ್ಯಾಗ ಇಡೂದು ಬ್ಯಾಡ. ನಮ್ಮ ಸೊಸಿ ಕೈ ಬಾಳ ನಾಜೂಕು” ಎಂದು ನಾನು ಕೇಳುವ ಹಾಗೆಯೇ ಹೇಳಿದರು. ನನಗೆ ಈಗ ದಿನಕ್ಕೆ ಎರಡು ಕುಂಬಳ ಹೂವಿನ ಪರವಾನಗಿ. ಅದೂ ಜೇನು ಬಂದು ಹೋದ ಮೇಲೆ. ದೇವರು ಸ್ವಲ್ಪ ಬಾಡಿದ ಹೂವನ್ನೂ ಬೇಸರವಿಲ್ಲದೆ ಏರಿಸಿಕೊಳ್ಳುತ್ತಾನೆ.

ಮಮತಾಜ್ ತನ್ನ ಬೀಜವನ್ನು ಬೇಸಿಗೆಯಲ್ಲಿ ಊರಿದಳು. ಮೊನ್ನೆ ಬೆಳಿಗ್ಗೆ ಗೋಡೆಯ ಮೇಲೆ ಅವಳ ಮುಖ ಕಂಡಿತು, ಕೈಯಲ್ಲಿ ಹಬೆಯಾಡುವ ತಟ್ಟೆ. “ಅಕ್ಕಾರ, ಏನ್ ಹೂ ಬಿಟ್ಟೈತ್ರಿ ನಿಮ್ಮ ಬಳ್ಳಿ! ಮಿಡಿ ಇದ್ದದ್ದು ಒಂದೂ ಮುಟ್ಟಿಲ್ಲ ಮತ್ತ, ಬರೇ ಶೋಕಿ ಹೂವಷ್ಟ ಹರದೇನಿ. ಬಿಸಿ ಅದಾವ, ತಗೋರಿ.” ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾಲಿಗೆಯ ಮೇಲೆ ಆಗಲೇ ಬಜ್ಜಿ ಇತ್ತು, ಬಾಯಿ ತುಂಬಿದಾಗ ಮಾತಾಡಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದಾರೆ. ನಾಲ್ಕು ಮುಗಿಸಿದ ಮೇಲೆ ಹೇಳಿದೆ.